ಕಾಗದದಲ್ಲಿ ಹಿಡಿಸದ ಗೆರೆ: ಡು ಬಾಯ್ಸ್ ಬಿಡಿಸಿದ ಅಂಕಿಅಂಶ

ಕೆಲವು ವರ್ಷಗಳ ಹಿಂದೆ ಒಂದು ವರದಿಗೆ ಗ್ರಾಫ್ ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ನಾಲ್ಕೇ ಪಟ್ಟಿಗಳ ಸಾದಾ ಬಾರ್ ಚಾರ್ಟ್. ಮೂರು ಪಟ್ಟಿ ಗಿಡ್ಡ, ನಾಲ್ಕನೆಯದು ವಿಪರೀತ ಉದ್ದ. ಅದನ್ನು ಪೂರ್ತಿ ತೋರಿಸಿದರೆ ಉಳಿದ ಮೂರು ಕಣ್ಣಿಗೇ ಬೀಳುತ್ತಿರಲಿಲ್ಲ. ನೋಡೋಕೆ ಚೆನ್ನಾಗಿಲ್ಲ, ಏನಾದ್ರೂ ಮಾಡಿ ಅಂತ ಕೆಲಸ ಕೊಟ್ಟವರು ಹೇಳಿದ್ರು. ನಾನು ಉದ್ದದ ಪಟ್ಟಿಯ ನಡುವೆ ಎರಡು ಓರೆ ಗೆರೆ ಎಳೆದು ಕತ್ತರಿಸಿಬಿಟ್ಟೆ. ಹಾಗೆ ಮಾಡೋದು ತಪ್ಪೇನಲ್ಲ, ಪಠ್ಯಪುಸ್ತಕಗಳಲ್ಲೂ ಇರುತ್ತೆ. ಪುಟ ಅಚ್ಚುಕಟ್ಟಾಯಿತು, ಎಲ್ಲರಿಗೂ ಖುಷಿಯಾಯಿತು. ಆ ನಾಲ್ಕನೆಯ ಪಟ್ಟಿ ಜಮೀನೇ ಇಲ್ಲದ ಕುಟುಂಬಗಳದ್ದು.

ಅದಾಗಿ ಎಷ್ಟೋ ದಿನಗಳ ಮೇಲೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿ ಒಂದು ಹಳೆಯ ಚಿತ್ರ ನೋಡಿದೆ. ಮಾಸಿದ ಕಾಗದ. ಮೇಲೆ ಹಸಿರು, ನೀಲಿ, ಹಳದಿ ಬಣ್ಣದ ಮೂರು ಪಟ್ಟಿಗಳು, ಅವಕ್ಕೆ ಅಂಟಿಕೊಂಡಂತೆ ಕೆಳಗೆ ಒಂದು ದೊಡ್ಡ ಕೆಂಪು ಸುರುಳಿ. 1890ರಲ್ಲಿ ಜಾರ್ಜಿಯಾ ರಾಜ್ಯದ ಕಪ್ಪು ಜನ ಎಲ್ಲೆಲ್ಲಿ ವಾಸವಿದ್ದರು ಅನ್ನೋ ಲೆಕ್ಕ ಅದು. ಹತ್ತು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ 78,139 ಮಂದಿ, ಐದರಿಂದ ಹತ್ತು ಸಾವಿರದ ಪಟ್ಟಣಗಳಲ್ಲಿ 8,025, ಎರಡೂವರೆಯಿಂದ ಐದು ಸಾವಿರದ ಊರುಗಳಲ್ಲಿ 37,699. ಉಳಿದ 7,34,952 ಜನ ಹಳ್ಳಿಗಾಡಿನಲ್ಲಿ. ಈ ಕೊನೆಯ ಪಟ್ಟಿ ಕಾಗದದಲ್ಲಿ ಹಿಡಿಸೋದಿಲ್ಲ. ಚಿತ್ರ ಬಿಡಿಸಿದವರು ಅದನ್ನು ಕತ್ತರಿಸಲಿಲ್ಲ. ಹಾವಿನ ಹಾಗೆ ಸುತ್ತಿ ಸುತ್ತಿ ಕಾಗದದ ಒಳಗೇ ಕೂರಿಸಿದರು.

ಅವರ ಹೆಸರು ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬಾಯ್ಸ್. ಹೆಸರು ಫ್ರೆಂಚ್‌ದಾದರೂ ಅವರು ಅದನ್ನು ಇಂಗ್ಲಿಷ್ ಕಿವಿಗೆ ಹೊಂದುವಂತೆಯೇ ಹೇಳುತ್ತಿದ್ದರು. ನಮ್ಮಲ್ಲಿ ಅವರನ್ನು ಬಲ್ಲವರು ಹೋರಾಟಗಾರ, ಚಿಂತಕ, ಕರಿಯರ ಚಳವಳಿಯ ಹಿರಿಯ ಅಂತ ಬಲ್ಲರು. ನಾನೂ ಅಷ್ಟೇ ತಿಳಿದುಕೊಂಡಿದ್ದೆ. ಅವರು ಗ್ರಾಫ್ ಬಿಡಿಸುತ್ತಿದ್ದರು ಅನ್ನೋದು ಗೊತ್ತಾದಾಗ, ಆ ಸುರುಳಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮತ್ತೆ ಮಾಡಿ ನೋಡಬೇಕು ಅನ್ನಿಸಿತು. ಮಾಡೋಕೆ ಕೂತ ಮೇಲೆ ಅವರ ಬದುಕನ್ನೂ ಓದಬೇಕಾಯಿತು.

1868ರ ಫೆಬ್ರವರಿ 23ರಂದು ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಅನ್ನೋ ಸಣ್ಣ ಊರಿನಲ್ಲಿ ಹುಟ್ಟಿದರು. ಗುಲಾಮಗಿರಿ ಕಾನೂನುಬದ್ಧವಾಗಿ ಮುಗಿದು ಆಗಿನ್ನೂ ಮೂರು ವರ್ಷ. ದಕ್ಷಿಣದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಹಾರ್ವರ್ಡ್ ಸೇರಿದರು. 1892ರಿಂದ ಎರಡು ವರ್ಷ ಬರ್ಲಿನ್‌ನಲ್ಲಿದ್ದರು. ಅಲ್ಲಿ ಗುಸ್ತಾವ್ ಷ್ಮೋಲರ್ ಅನ್ನೋ ಅರ್ಥಶಾಸ್ತ್ರಜ್ಞರ ಗುಂಪು ಒಂದು ಪಾಠ ಹೇಳುತ್ತಿತ್ತು: ಸಿದ್ಧಾಂತ ಆಮೇಲೆ, ಮೊದಲು ಹೋಗಿ ಎಣಿಸಿ, ಅಳೆಯಿರಿ, ಬರೆದುಕೊಳ್ಳಿ. ಈ ಪಾಠ ಡು ಬಾಯ್ಸ್ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಬರ್ಲಿನ್‌ನಲ್ಲಿ ಡಾಕ್ಟರೇಟ್ ಮುಗಿಸುವ ಮುಂಚೆ ವಿದ್ಯಾರ್ಥಿವೇತನ ನಿಂತುಹೋಯಿತು. ವಾಪಸ್ ಬಂದು 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ ಪಡೆದ ಮೊದಲ ಕಪ್ಪು ಅಮೆರಿಕನ್ ಆದರು.

ಅಷ್ಟು ಓದಿದವರಿಗೆ ಸಿಕ್ಕ ಕೆಲಸ ನೋಡಿ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಫಿಲಡೆಲ್ಫಿಯಾದ ಸೆವೆಂತ್ ವಾರ್ಡ್‌ನ ಕಪ್ಪು ಜನರ ಬಗ್ಗೆ ಅಧ್ಯಯನ ಮಾಡೋಕೆ ಅವರನ್ನು ಕರೆಯಿತು. ಹುದ್ದೆ ಸಹಾಯಕ ಬೋಧಕ, ಆದರೆ ಬೋಧಿಸೋಕೆ ತರಗತಿ ಇಲ್ಲ. ಹೊಸದಾಗಿ ಮದುವೆಯಾಗಿದ್ದ ನೀನಾ ಜೊತೆ ಅದೇ ವಾರ್ಡ್‌ನಲ್ಲಿ ಒಂದು ಕೋಣೆಯಲ್ಲಿದ್ದುಕೊಂಡು, ಕೈಯಲ್ಲಿ ಪ್ರಶ್ನಾವಳಿ ಹಿಡಿದು ಮನೆ ಮನೆ ಬಾಗಿಲು ತಟ್ಟಿದರು. ಸುಮಾರು ಎರಡೂವರೆ ಸಾವಿರ ಕುಟುಂಬಗಳು. ಕೆಲಸ ಏನು, ಬಾಡಿಗೆ ಎಷ್ಟು, ಮಕ್ಕಳು ಎಷ್ಟು, ಓದು ಬರುತ್ತಾ, ಕಾಯಿಲೆ ಏನು. 1899ರಲ್ಲಿ ಬಂದ ದ ಫಿಲಡೆಲ್ಫಿಯಾ ನೀಗ್ರೋ ಪುಸ್ತಕದಲ್ಲಿ ಕೋಷ್ಟಕಗಳು ಮಾತ್ರವಲ್ಲ, ಒಂದೊಂದು ಮನೆಗೂ ಬಣ್ಣ ಹಾಕಿದ ನಕ್ಷೆಯೂ ಇದೆ. ಅದರಲ್ಲಿ ಒಂದು ತಕರಾರಿದೆ. ಡು ಬಾಯ್ಸ್ ಆ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು, ಕೆಳಗಿನ ದರ್ಜೆಗೆ ಅಪರಾಧಿ, ಸೋಮಾರಿ ಅನ್ನೋ ಹಣೆಪಟ್ಟಿ. ಹಾರ್ವರ್ಡ್ ಹುಡುಗನ ಮೂಗು ಸ್ವಲ್ಪ ಮೇಲಕ್ಕೇ ಇತ್ತು. ಬಡವರನ್ನು ಎಣಿಸೋಕೆ ಹೋದ ಓದಿದವರು ಬಡವರ ನಡತೆಗೆ ಅಂಕ ಕೊಟ್ಟು ಬರೋದು ಅವರಿಂದ ಶುರುವಾದದ್ದೂ ಅಲ್ಲ, ಅವರಿಗೆ ಮುಗಿದದ್ದೂ ಅಲ್ಲ.

1897ರ ಕೊನೆಯಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯಕ್ಕೆ ಬಂದರು. ಆಗ ಅವರ ನಂಬಿಕೆ ಸರಳವಾಗಿತ್ತು. ಜನಾಂಗದ್ವೇಷಕ್ಕೆ ಕಾರಣ ಅಜ್ಞಾನ, ಸರಿಯಾದ ಮಾಹಿತಿ ಕೊಟ್ಟರೆ ಬಿಳಿಯರ ಮನಸ್ಸು ಬದಲಾಗುತ್ತೆ. ಇವತ್ತು ಒಂದು ಒಳ್ಳೆ ಗ್ರಾಫ್ ಶೇರ್ ಮಾಡಿದರೆ ವಾದ ಮುಗಿಯುತ್ತೆ ಅಂದುಕೊಳ್ಳುವ ನನಗೂ ನಿಮಗೂ ಈ ನಂಬಿಕೆ ಹೊಸದೇನಲ್ಲ.

1899ರ ಏಪ್ರಿಲ್‌ನಲ್ಲಿ ಅದು ಮುರಿಯಿತು. ಅಟ್ಲಾಂಟಾದಿಂದ ಸ್ವಲ್ಪ ದೂರದ ನ್ಯೂನಾನ್ ಹತ್ತಿರ ಸ್ಯಾಮ್ ಹೋಸ್ ಅನ್ನೋ ಕಪ್ಪು ಕೂಲಿಕಾರನನ್ನು ಸಾವಿರಾರು ಜನರ ಎದುರು ಹಿಂಸಿಸಿ, ಜೀವಂತ ಸುಟ್ಟರು. ಆರೋಪಗಳನ್ನು ಸಮಾಧಾನವಾಗಿ ಪರಿಶೀಲಿಸಬೇಕು ಅಂತ ಒಂದು ಪತ್ರ ಬರೆದುಕೊಂಡು ಡು ಬಾಯ್ಸ್ ಪತ್ರಿಕಾ ಕಚೇರಿಯತ್ತ ನಡೆದು ಹೊರಟಿದ್ದರು. ದಾರಿಯಲ್ಲಿ ಸುದ್ದಿ ಸಿಕ್ಕಿತು. ಹೋಸ್‌ನ ಬೆರಳ ಗೆಣ್ಣುಗಳನ್ನು ಅದೇ ರಸ್ತೆಯ ಮುಂದಿನ ದಿನಸಿ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. ಅವರು ಪತ್ರ ಕೊಡದೆ ಮನೆಗೆ ತಿರುಗಿದರು. ಅದಾಗಿ ಒಂದು ತಿಂಗಳಿಗೆ, ಎರಡು ವರ್ಷವೂ ತುಂಬದ ಮಗ ಬರ್ಗ್‌ಹಾರ್ಟ್ ಡಿಫ್ತೀರಿಯಾದಿಂದ ತೀರಿಕೊಂಡ. ಆ ಊರಿನಲ್ಲಿ ಕಪ್ಪು ಮಗುವನ್ನು ನೋಡುವ ವೈದ್ಯರು ಸುಲಭಕ್ಕೆ ಸಿಗುತ್ತಿರಲಿಲ್ಲ. ಮಗನನ್ನು ಜಾರ್ಜಿಯಾದ ಮಣ್ಣಿಗೆ ಕೊಡಲು ಒಪ್ಪದೆ ಗ್ರೇಟ್ ಬ್ಯಾರಿಂಗ್ಟನ್‌ಗೆ ಒಯ್ದು ಮಣ್ಣು ಮಾಡಿದರು.

ನಾನು ನೋಡಿದ ಸುರುಳಿ ಇದರ ನಂತರದ್ದು. ಅದು ಗೊತ್ತಾದ ಮೇಲೆ ಆ ಬಣ್ಣಗಳನ್ನು ಮೊದಲಿನ ಹಾಗೆ ನೋಡೋಕೆ ನನಗೆ ಆಗಲಿಲ್ಲ.

1900ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಸುಮಾರು ಐದು ಕೋಟಿ ಜನ ಬಂದುಹೋದ ಜಾತ್ರೆ ಅದು. ಒಂದು ಕಡೆ ಯುರೋಪಿನ ದೇಶಗಳು ತಮ್ಮ ವಸಾಹತುಗಳ ಜನರನ್ನೇ ತಂದು ನೋಡುವ ವಸ್ತುವಾಗಿಸಿದ್ದವು. ಇನ್ನೊಂದು ಕಡೆ, ಸಾಮಾಜಿಕ ಅರ್ಥಶಾಸ್ತ್ರದ ಭವನದಲ್ಲಿ, ಥಾಮಸ್ ಕ್ಯಾಲೋವೇ ಅನ್ನೋ ಕಪ್ಪು ವಕೀಲರು ಅಮೆರಿಕದ ಕಪ್ಪು ಜನರ ಬಗ್ಗೆ ಒಂದು ಮೂಲೆ ದಕ್ಕಿಸಿಕೊಂಡರು, ಹಳೆಯ ಗೆಳೆಯ ಡು ಬಾಯ್ಸ್‌ಗೆ ಅಂಕಿಅಂಶದ ಕೆಲಸ ಒಪ್ಪಿಸಿದರು. ಇದ್ದದ್ದು ಕೆಲವೇ ತಿಂಗಳು. ಡು ಬಾಯ್ಸ್ ಮತ್ತು ಅಟ್ಲಾಂಟಾದ ಅವರ ವಿದ್ಯಾರ್ಥಿಗಳು ಇಂಕ್, ಜಲವರ್ಣ, ಅಡಿಪಟ್ಟಿ ಹಿಡಿದು ಕೂತು ಅರವತ್ತಕ್ಕೂ ಹೆಚ್ಚು ಚಾರ್ಟ್ ಬಿಡಿಸಿದರು. ಅಕ್ಷರಗಳೂ ಕೈಬರಹ. ಆ ವಿದ್ಯಾರ್ಥಿಗಳಲ್ಲಿ ಬಹುತೇಕರ ಹೆಸರು ಚಾರ್ಟ್‌ಗಳ ಮೇಲಿಲ್ಲ, ಗುರುವಿನ ಹೆಸರೊಂದೇ ಉಳಿಯಿತು. ಜೊತೆಗೆ ಜಾರ್ಜಿಯಾದ ಕಪ್ಪು ಜನರ 363 ಫೋಟೋಗಳನ್ನೂ ಸೇರಿಸಿದರು. ಹಣ ಇಲ್ಲದೆ ಡು ಬಾಯ್ಸ್ ಹಡಗಿನ ಅತಿ ಅಗ್ಗದ ದರ್ಜೆಯಲ್ಲಿ ಪ್ಯಾರಿಸ್‌ಗೆ ಹೋಗಿ ಎಲ್ಲವನ್ನೂ ನೇತುಹಾಕಿದರು.

ಈಗ ನನ್ನ ಲ್ಯಾಪ್‌ಟಾಪಿನ ಕಥೆ. ನಾನು ಬಳಸೋದು ಆರ್ ಅನ್ನೋ ಉಚಿತ ಸ್ಟಾಟಿಸ್ಟಿಕಲ್ ಸಾಫ್ಟ್‌ವೇರ್, ಅದರೊಳಗೆ ಹ್ಯಾಡ್ಲಿ ವಿಕ್‌ಹ್ಯಾಮ್ ಬರೆದ ಜಿಜಿಪ್ಲಾಟ್2. ಇದರ ಹಿಂದೆ ಲೆಲೆಂಡ್ ವಿಲ್ಕಿನ್ಸನ್ 1999ರ ಪುಸ್ತಕವೊಂದರಲ್ಲಿ ಮಂಡಿಸಿದ ಯೋಚನೆಯಿದೆ: ಬಾರ್ ಚಾರ್ಟ್, ಪೈ ಚಾರ್ಟ್ ಅಂತ ಸಿದ್ಧ ಅಚ್ಚುಗಳಿಲ್ಲ, ಗ್ರಾಫ್‌ಗೂ ಒಂದು ವ್ಯಾಕರಣ ಇದೆ. ಯಾವ ಅಂಕಿ ಉದ್ದವಾಗಬೇಕು, ಯಾವುದು ಬಣ್ಣವಾಗಬೇಕು, ಅದನ್ನು ಪಟ್ಟಿಯಾಗಿ ಬರೆಯೋದಾ ಚುಕ್ಕಿಯಾಗಿಯಾ, ನೇರ ಅಕ್ಷದ ಮೇಲಾ ವೃತ್ತದ ಮೇಲಾ ಅನ್ನೋದನ್ನೆಲ್ಲ ಬಿಡಿಬಿಡಿಯಾಗಿ ಹೇಳಿ, ಪದರದ ಮೇಲೆ ಪದರ ಇಡುತ್ತಾ ಹೋಗಬೇಕು. ಒಂದು ಸಾಲು ಬದಲಿಸಿದರೆ ಪಟ್ಟಿಗಳೆಲ್ಲ ಬಾಗಿ ಚಕ್ರವಾಗುತ್ತವೆ.

ಹಾಗಾಗಿ ಸುರುಳಿ ಸುಲಭ ಅಂದುಕೊಂಡೆ. ಪಟ್ಟಿ ಬರೆದು ವೃತ್ತಾಕಾರದ ನಿರ್ದೇಶಾಂಕಕ್ಕೆ ಹಾಕಿದೆ. ಬಂದದ್ದು ಸುರುಳಿಯಲ್ಲ, ಒಂದರೊಳಗೊಂದು ಕೂತ ಕಮಾನುಗಳು. ಅದರಲ್ಲೊಂದು ಮೋಸವೂ ಇದೆ. ಒಂದೇ ಸಂಖ್ಯೆ ಹೊರಗಿನ ಸುತ್ತಿನಲ್ಲಿ ಉದ್ದವಾಗಿ, ಒಳಗಿನ ಸುತ್ತಿನಲ್ಲಿ ಗಿಡ್ಡವಾಗಿ ಕಾಣುತ್ತೆ. ಸಾಫ್ಟ್‌ವೇರ್ ಕೋನ ಅಳೆಯುತ್ತೆ, ನಮ್ಮ ಕಣ್ಣು ಉದ್ದ ಅಳೆಯುತ್ತೆ. ಕೊನೆಗೆ ಹೈಸ್ಕೂಲಿನ ತ್ರಿಕೋನಮಿತಿ ನೆನಪು ಮಾಡಿಕೊಂಡು, ಸುರುಳಿಯ ಒಂದೊಂದು ಬಿಂದುವಿನ ಜಾಗವನ್ನೂ ಸೈನ್, ಕೊಸೈನ್‌ನಿಂದ ನಾನೇ ಲೆಕ್ಕ ಹಾಕಿ, ಗೆರೆಯ ಒಟ್ಟು ಉದ್ದ 7,34,952ಕ್ಕೆ ತಕ್ಕಂತೆ ಎಷ್ಟು ಸುತ್ತು ಬೇಕು ಅಂತ ಹುಡುಕಿ, ಬಿಂದುಗಳನ್ನು ಜೋಡಿಸಿದೆ. ಎರಡೂ ಅಕ್ಷಗಳ ಅಳತೆ ಒಂದೇ ಇರಲಿ ಅಂತ ಹೇಳೋದು ಮರೆತಿದ್ದೆ, ಸುರುಳಿ ಕೋಳಿಮೊಟ್ಟೆ ಥರ ಬಂತು. ಅದನ್ನೂ ಸರಿಮಾಡಿದೆ. ಹಿಂದಿನ ಬೂದು ಬಣ್ಣ, ಬಿಳಿ ಚೌಕಳಿ, ಪಕ್ಕದ ಬಣ್ಣಸೂಚಿ ಎಲ್ಲ ಒಂದೊಂದಾಗಿ ತೆಗೆದೆ. ನಾನು ಕೇಳದೇ ಬಂದ ಇಂಥ ತೀರ್ಮಾನಗಳು ಎಷ್ಟಿವೆ ಅಂತ ಗೊತ್ತಾದದ್ದು ಅವನ್ನು ಅಳಿಸುವಾಗಲೇ.

ಅಂಕಿಅಂಶದ ಮೇಷ್ಟ್ರುಗಳು ಈ ಸುರುಳಿಯನ್ನು ಒಪ್ಪೋದು ಕಷ್ಟ. ಬಾಗಿದ ಗೆರೆಯ ಉದ್ದವನ್ನು ಕಣ್ಣು ಸರಿಯಾಗಿ ಅಂದಾಜು ಮಾಡಲಾರದು, ಅದು ನಿಜ. ಆದರೆ 8,025ರ ಪಟ್ಟಿಗಿಂತ 7,34,952ರ ಪಟ್ಟಿ ತೊಂಬತ್ತು ಪಟ್ಟಿಗೂ ಮಿಕ್ಕಿ ದೊಡ್ಡದು ಅನ್ನೋದನ್ನು ಯಾರೂ ಅಳೆಯಬೇಕಿರಲಿಲ್ಲ. ಕಣ್ಣು ಆ ಸುತ್ತುಗಳನ್ನು ಹಿಂಬಾಲಿಸುತ್ತಾ ಸುಸ್ತಾಗುತ್ತೆ. ಅದೇ ಸಾಕು. ಗುಲಾಮಗಿರಿ ಮುಗಿದು ಇಪ್ಪತ್ತೈದು ವರ್ಷವಾದರೂ ಜಾರ್ಜಿಯಾದ ಪ್ರತಿ ನೂರು ಕಪ್ಪು ಜನರಲ್ಲಿ ಸುಮಾರು 86 ಮಂದಿ ಅದೇ ಹತ್ತಿ ಬೆಳೆಯುವ ಹಳ್ಳಿಗಾಡಿನಲ್ಲಿದ್ದರು.

ಇನ್ನೊಂದು ಸುರುಳಿ ಕಪ್ಪು ಕುಟುಂಬಗಳ ಮನೆ, ಅಡುಗೆಮನೆಯ ಸಾಮಾನುಗಳ ತೆರಿಗೆ ಮೌಲ್ಯದ್ದು. 1875ರಲ್ಲಿ 21,186 ಡಾಲರ್, 1899ರಲ್ಲಿ 14,34,975. ಮೇಜು, ಕುರ್ಚಿ, ಮಂಚ, ಪಾತ್ರೆ. ಮೂವತ್ತೈದು ವರ್ಷಗಳ ಹಿಂದೆ ಯಾರನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿ ಮಾರುತ್ತಿದ್ದರೋ ಅವರ ಸಾಮಾನಿನ ಪಟ್ಟಿ ಇದು. ಇನ್ನೊಂದರಲ್ಲಿ ಅವರು ಕೊಂಡ ಜಮೀನು: 1874ರಲ್ಲಿ 3,38,769 ಎಕರೆ, 1899ರ ಹೊತ್ತಿಗೆ ಹತ್ತು ಲಕ್ಷ ಎಕರೆ ದಾಟಿತ್ತು. ಅನಕ್ಷರತೆಯ ಚಾರ್ಟ್ ಸ್ವಲ್ಪ ತುಂಟತನದ್ದು. ಅದರಲ್ಲಿ ಅಮೆರಿಕದ ಕಪ್ಪು ಜನರ ಪಟ್ಟಿಯನ್ನು ಬಿಳಿಯ ಅಮೆರಿಕನ್ನರ ಪಕ್ಕ ಇಡದೆ ಯುರೋಪಿನ ದೇಶಗಳ ಸಾಲಿನಲ್ಲಿಟ್ಟರು. ರಷ್ಯಾ, ಸರ್ಬಿಯಾ, ರೊಮೇನಿಯಾದ ಪಟ್ಟಿಗಳು ಕಪ್ಪು ಜನರ ಪಟ್ಟಿಗಿಂತ ಉದ್ದ. ನೋಡೋಕೆ ಬಂದವರು ಯುರೋಪಿನವರು. ಯಾರ ಪಕ್ಕ ಯಾರನ್ನು ನಿಲ್ಲಿಸಬೇಕು ಅನ್ನೋದೂ ಚಾರ್ಟ್ ಮಾಡುವವರ ಕೈಯಲ್ಲಿರುವ ಆಯ್ಕೆ, ಅದನ್ನು ಅವರು ಸಂಕೋಚವಿಲ್ಲದೆ ಬಳಸಿದರು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಮಾತ್ರ ಒಂದು ಸಾದಾ ಗೆರೆಯ ಗ್ರಾಫ್. ಜಾರ್ಜಿಯಾದ ಪಟ್ಟಣಗಳಲ್ಲಿ ಕಪ್ಪು ಜನರಿಗಿದ್ದ ಆಸ್ತಿಯ ಮೌಲ್ಯ, 1870ರಿಂದ 1900. ಗೆರೆ ಏರುತ್ತೆ, ತೊಂಬತ್ತರ ದಶಕದಲ್ಲಿ ಮುಗ್ಗರಿಸುತ್ತೆ. ಹಿಂದಿನ ಚೌಕಳಿಯ ಮೇಲೆ, ಗೆರೆಯ ಅಕ್ಕಪಕ್ಕದಲ್ಲೇ, ಕೈಬರಹದಲ್ಲಿ ಕೆಲವು ಪದಗಳಿವೆ: ಕು ಕ್ಲಕ್ಸ್ ಕ್ಲಾನ್‌ನ ಹಾವಳಿ, ರಾಜಕೀಯ ಕ್ಷೋಭೆ, ಹೊಸ ಕೈಗಾರಿಕೆಯ ಏಳಿಗೆ, ಲಿಂಚಿಂಗ್, ಹಣಕಾಸಿನ ಕುಸಿತ, ಮತದಾನದ ಹಕ್ಕು ಕಿತ್ತುಕೊಂಡ ಕಾನೂನುಗಳು.

ನನ್ನ ಸಾಫ್ಟ್‌ವೇರಿನಲ್ಲಿ ಶೀರ್ಷಿಕೆಗೆ ಜಾಗ ಇದೆ, ಉಪಶೀರ್ಷಿಕೆಗೆ ಇದೆ, ಎರಡು ಅಕ್ಷಗಳ ಹೆಸರಿಗೆ ಇದೆ, ಕೆಳಗೆ ಮೂಲ ಬರೆಯೋಕೆ ಇದೆ. ಕಾರಣ ಬರೆಯೋಕೆ ತಾನಾಗಿ ಸಿಗುವ ಜಾಗ ಇಲ್ಲ. ಅದಕ್ಕೆ ಪ್ರತ್ಯೇಕ ಪದರ ಸೇರಿಸಿ, ಯಾವ ವರ್ಷದ ಎದುರು, ಯಾವ ಎತ್ತರದಲ್ಲಿ ಆ ಪದ ಕೂರಬೇಕು ಅಂತ ನಾವೇ ಹೇಳಬೇಕು. ಲಿಂಚಿಂಗ್ ಅನ್ನೋ ಪದವನ್ನು ಎಲ್ಲಿ ಇಡಬೇಕು ಅಂತ ನಿರ್ದೇಶಾಂಕ ಹುಡುಕುತ್ತಾ ಕೂತಿದ್ದಾಗ, ಅದನ್ನು ಕೈಯಲ್ಲಿ ಬರೆದವರು ಆ ದಿನಸಿ ಅಂಗಡಿಯ ಸುದ್ದಿ ಕೇಳಿ ಹಿಂದಕ್ಕೆ ನಡೆದು ಬಂದವರು ಅನ್ನೋದು ತಲೆಯಿಂದ ಹೋಗಲಿಲ್ಲ. ಗ್ರಾಫ್ ನಿಷ್ಪಕ್ಷಪಾತವಾಗಿರಬೇಕು, ವ್ಯಾಖ್ಯಾನ ಬೇರೆ ಕಡೆ ಇರಲಿ ಅಂತ ನಮಗೆ ಕಲಿಸುತ್ತಾರೆ. ಕಾರಣಗಳನ್ನು ಅಳಿಸಿ ಆ ಗೆರೆಯನ್ನಷ್ಟೇ ಇಟ್ಟರೆ, ಕಪ್ಪು ಜನ 1890ರ ನಂತರ ಸೋಮಾರಿಗಳಾದರು ಅಂತಲೂ ಯಾರಾದರೂ ಓದಬಹುದಿತ್ತು. ಆ ಕಾಲದಲ್ಲಿ ಹಾಗೆ ಓದೋಕೆ ತಯಾರಿದ್ದವರು ಕಡಿಮೆ ಏನಿರಲಿಲ್ಲ.

ಪ್ಯಾರಿಸ್‌ನಲ್ಲಿ ಡು ಬಾಯ್ಸ್‌ಗೆ ಚಿನ್ನದ ಪದಕ ಬಂತು. ಅಮೆರಿಕದಲ್ಲಿ ಅದರಿಂದ ಒಂದು ಕಾನೂನೂ ಬದಲಾಗಲಿಲ್ಲ.

ಆದರೂ ಅವರು ಎಣಿಸೋದನ್ನು ಬಿಡಲಿಲ್ಲ. 1906ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಪರವಾಗಿ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ದೊಡ್ಡ ಸಮೀಕ್ಷೆ ಮಾಡಿದರು. ಭೂಮಿ ಯಾರದ್ದು, ಗೇಣಿ ಎಷ್ಟು, ಸಾಲ ಎಷ್ಟು, ಮತ ಹಾಕುವವರು ಯಾರು ಅನ್ನೋದೆಲ್ಲ ಅದರಲ್ಲಿತ್ತು. ತಾವು ಮಾಡಿದ ಕೆಲಸಗಳಲ್ಲೇ ಒಳ್ಳೆಯದು ಇದು ಅಂತ ಅವರಿಗಿತ್ತು. ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ಆಮೇಲೆ ವಿಚಾರಿಸಿದಾಗ ಹಸ್ತಪ್ರತಿ ನಾಶವಾಗಿದೆ ಅನ್ನೋ ಉತ್ತರ ಬಂತು. ಜಾತಿಗಣತಿಯ ಸುದ್ದಿ ಓದುತ್ತಲೇ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೇಟಾ ಇರೋದು ಒಂದು ಮಾತು, ಅದರ ಕಪಾಟಿನ ಕೀಲಿ ಯಾರ ಹತ್ತಿರ ಇದೆ ಅನ್ನೋದು ಇನ್ನೊಂದು.

1910ರಲ್ಲಿ ಅಟ್ಲಾಂಟಾ ಬಿಟ್ಟು ನ್ಯೂಯಾರ್ಕ್‌ಗೆ ಹೋದರು. ಅಷ್ಟರೊಳಗೆ ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್ ಬರೆದು ಹೆಸರಾಗಿದ್ದರು, ಬಿಳಿಯರ ಜೊತೆ ಹೊಂದಿಕೊಂಡು ಹೋಗೋಣ ಅನ್ನುತ್ತಿದ್ದ ಬೂಕರ್ ವಾಷಿಂಗ್ಟನ್ ಜೊತೆ ಬಹಿರಂಗವಾಗಿ ಜಗಳಕ್ಕೆ ಬಿದ್ದಿದ್ದರು. ಎನ್‌ಎಎಸಿಪಿ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾಗಿ, ಅದರ ಕ್ರೈಸಿಸ್ ಪತ್ರಿಕೆಯನ್ನು 1934ರವರೆಗೆ ನಡೆಸಿದರು. ಪ್ರಸಾರ ಒಂದು ಹಂತದಲ್ಲಿ ಲಕ್ಷ ಮುಟ್ಟಿತ್ತು. ಲಿಂಚಿಂಗ್‌ಗಳ ಲೆಕ್ಕ ಅದರಲ್ಲಿ ಬರುತ್ತಿತ್ತು. ಈಗ ಎಣಿಕೆ ಬಿಳಿಯರ ಮನಸ್ಸು ಕರಗಿಸೋಕೆ ಅಲ್ಲ, ಕಪ್ಪು ಜನರನ್ನು ಒಟ್ಟುಮಾಡೋಕೆ. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ತಿರುವು ಇದೇ. ಓದುಗ ಬದಲಾದ, ಲೆಕ್ಕ ಬದಲಾಗಲಿಲ್ಲ.

ನಮ್ಮ ಕಡೆಗೂ ಒಂದು ಎಳೆ ಇದೆ. 1946ರ ಜುಲೈನಲ್ಲಿ ಡಾ. ಅಂಬೇಡ್ಕರ್ ಅವರಿಗೊಂದು ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದು ತಿಳಿಯಿತು, ಅದರ ಪ್ರತಿ ಬೇಕು, ನಮ್ಮ ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅನ್ನೋದು ಅದರ ಸಾರ. ಡು ಬಾಯ್ಸ್ ಅದೇ ತಿಂಗಳ ಕೊನೆಯಲ್ಲಿ ಉತ್ತರಿಸಿ, ನಿಮ್ಮ ಹೆಸರು ನನಗೆ ಗೊತ್ತು, ನೆರವಾಗುತ್ತೇನೆ ಅನ್ನೋ ಅರ್ಥದಲ್ಲಿ ಬರೆದರು. ಇಬ್ಬರೂ ಅಂಕಿಅಂಶ ಇಟ್ಟುಕೊಂಡೇ ವಾದಕ್ಕೆ ಇಳಿಯುವವರು. ಆ ಪತ್ರವ್ಯವಹಾರ ಮುಂದೆ ಬೆಳೆದಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತೆ.

ಕೊನೆಯ ವರ್ಷಗಳು ಸುಲಭದವಲ್ಲ. 1951ರಲ್ಲಿ, 83ನೇ ವಯಸ್ಸಿನಲ್ಲಿ, ವಿದೇಶಿ ಏಜೆಂಟ್ ಅನ್ನೋ ಆರೋಪದ ಮೇಲೆ ಕೈಕೋಳ ತೊಡಿಸಿ ಕಟಕಟೆಯಲ್ಲಿ ನಿಲ್ಲಿಸಿದರು. ಕೇಸು ನಿಲ್ಲಲಿಲ್ಲ, ಆದರೆ 1958ರವರೆಗೆ ಪಾಸ್‌ಪೋರ್ಟ್ ಕೊಡಲಿಲ್ಲ. ಅವರೂ ತಪ್ಪು ಮಾಡಿದರು. ಸ್ಟಾಲಿನ್ ಸತ್ತಾಗ ಹೊಗಳಿ ಬರೆದರು. ಮನೆ ಮನೆ ತಿರುಗಿ ಲೆಕ್ಕ ಕೇಳಿದ್ದ ಮನುಷ್ಯ ಅಲ್ಲಿ ಸತ್ತವರ ಲೆಕ್ಕ ಕೇಳಲಿಲ್ಲ. ಇದನ್ನು ನಾನು ಮೆದು ಮಾಡಿ ಹೇಳಲಾರೆ. 1961ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ, ಘಾನಾಕ್ಕೆ ಹೋಗಿ ನೆಲೆಸಿದರು. 1963ರ ಆಗಸ್ಟ್ 27ರಂದು ಅಕ್ರಾದಲ್ಲಿ ತೀರಿಕೊಂಡರು, 95 ವರ್ಷ. ಮರುದಿನ ವಾಷಿಂಗ್ಟನ್‌ನಲ್ಲಿ ಸೇರಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಆ ಸುದ್ದಿಯನ್ನು ವೇದಿಕೆಯಿಂದ ತಿಳಿಸಿದರು.

ಆ ಚಾರ್ಟ್‌ಗಳನ್ನು ಈಗ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. 2021ರಿಂದ ಫೆಬ್ರವರಿ ತಿಂಗಳಲ್ಲಿ ಡು ಬಾಯ್ಸ್ ಚಾಲೆಂಜ್ ಅಂತ ನಾನಾ ದೇಶಗಳ ಜನ ಅವುಗಳನ್ನು ತಮ್ಮ ತಮ್ಮ ಸಾಫ್ಟ್‌ವೇರಿನಲ್ಲಿ ಮತ್ತೆ ಬಿಡಿಸುತ್ತಾರೆ. ನಾನು ಐದು ಮಾಡಿದ್ದೇನೆ. ಆರನೆಯದು ಇನ್ನೂ ಕೈಗೆ ಬಂದಿಲ್ಲ: 1790ರಿಂದ 1860ರವರೆಗೆ ಗುಲಾಮರ ಪ್ರಮಾಣವನ್ನು ತೋರಿಸುವ ಒಂದು ದೊಡ್ಡ ಕಪ್ಪು ಗುಡ್ಡ, ಅದರ ತಲೆಯ ಮೇಲೆ ಸ್ವತಂತ್ರರ ತೆಳ್ಳನೆಯ ಹಸಿರು ಅಂಚು, 1870ರ ಹೊತ್ತಿಗೆ ಆ ಗುಡ್ಡ ಕಡಿದಾಗಿ ಬಿದ್ದು ಪೂರ್ತಿ ಹಸಿರು. ಡೇಟಾ ಒಂಬತ್ತೇ ಸಾಲು. ಆ ಇಳಿಜಾರು ನನ್ನ ಪರದೆಯ ಮೇಲೆ ಯಾಕೋ ನಯವಾಗಿ ಬರುತ್ತೆ, ಅವರದ್ದರಲ್ಲಿ ಅದು ಬಂಡೆ ಒಡೆದ ಹಾಗಿದೆ.

ನನ್ನ ಆ ಹಳೆಯ ವರದಿ ಮಾತ್ರ ಅಚ್ಚಾಗಿ ಹಂಚಿಹೋಗಿದೆ. ಡೇಟಾ ಕೆಲಸ ಕೊಟ್ಟವರದ್ದು, ನನ್ನ ಹತ್ತಿರ ಪ್ರತಿ ಇಲ್ಲ. ಒಮ್ಮೆ ಕೇಳಿ ಬರೆದೆ, ಉತ್ತರ ಬರಲಿಲ್ಲ.